ಘಟ್ಟ ಇಳಿದು ಮಂಗಳೂರಿಗೆ: ಮೊದಲು ನೀರಿನ ದಂಡೆ, ಆಮೇಲೆ ಊರು

ಶಿವಮೊಗ್ಗ, ತೀರ್ಥಹಳ್ಳಿ ಕಡೆಯಿಂದ ಮಂಗಳೂರು ನೋಡಲು ಹೋಗುವವರು ಬೆಳಿಗ್ಗೆ ಆರಕ್ಕೆ ಹೊರಡುವುದೇ ಹೆಚ್ಚು. ಶಿವಮೊಗ್ಗದಿಂದ ಹಾದಿ ಸುಮಾರು 200 ಕಿ.ಮೀ. ಊರು ಮುಟ್ಟುವಾಗ ಹನ್ನೊಂದು ದಾಟಿರುತ್ತದೆ. ಅಷ್ಟರಲ್ಲಿ ದೋಣಿಗಳಿಂದ ಮೀನು ಇಳಿಸುವ ಕಟ್ಟೆಯ, ಅಂದರೆ ಧಕ್ಕೆಯ, ಗದ್ದಲ ಮುಗಿದಿರುತ್ತದೆ, ಇನ್ನೊಂದೆರಡು ಗಂಟೆಯಲ್ಲಿ ದೇವಸ್ಥಾನದ ಬಾಗಿಲೂ ಹಾಕುತ್ತದೆ. ಉಳಿಯುವುದು ಬಿಸಿಲು ಮತ್ತು ಬೆವರು. ಮಲೆನಾಡಿನ ಮೈ ಕರಾವಳಿಯ ಸೆಕೆಯನ್ನು ಒಮ್ಮೆಲೇ ತಡೆಯುವುದಿಲ್ಲ.

ಹಾಗಾಗಿ ಹಿಂದಿನ ದಿನ ಮಧ್ಯಾಹ್ನವೇ ಹೊರಟು ರಾತ್ರಿ ಊರ ನಡುವಿನ ಹಂಪನಕಟ್ಟೆ ಸುತ್ತಮುತ್ತ ಉಳಿಯಿರಿ. ಶುಕ್ರವಾರ ಹೋಗಿ ಶನಿವಾರ ಸುತ್ತುವುದು ವಾಸಿ. ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರುತ್ತದೆ.

ಆಗುಂಬೆಯ 14 ತಿರುವುಗಳನ್ನು ಎರಡನೇ ಗೇರ್‌ನಲ್ಲೇ ಇಳಿಯಿರಿ. ಬ್ರೇಕ್ ಒತ್ತಿಕೊಂಡೇ ಇಳಿದರೆ ಅದು ಕಾದು ಹಿಡಿತ ಬಿಡುತ್ತದೆ. ಸುಟ್ಟ ವಾಸನೆ ಬಂದರೆ ಜಾಗ ಸಿಕ್ಕಲ್ಲಿ ನಿಲ್ಲಿಸಿ ತಾನಾಗಿ ಆರಲು ಬಿಡಿ, ನೀರು ಎರಚಬೇಡಿ. ವಾಂತಿ ಬರುವವರನ್ನು ಮುಂದಿನ ಸೀಟಿಗೆ ಕೂರಿಸಿ.

ಬೆಳಿಗ್ಗೆ ಆರಕ್ಕೆ ಧಕ್ಕೆಯಲ್ಲಿರಿ. ನೆಲ ಜಾರುತ್ತದೆ, ಹವಾಯಿ ಚಪ್ಪಲಿ ಬೇಡ. ತಲೆಯ ಮೇಲೆ ಬುಟ್ಟಿ ಹೊತ್ತವರಿಗೆ ಮೊದಲು ದಾರಿ ಬಿಡಿ. ಬೂತಾಯಿ, ಬಂಗುಡೆ, ಅಂಜಲ್ ಎಲ್ಲ ಇಲ್ಲೇ ಇಳಿಯುತ್ತವೆ. ಮನೆಗೆ ಒಯ್ಯುವುದಾದರೆ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಮೀನಿನಷ್ಟೇ ತೂಕದ ಪುಡಿ ಐಸ್ ಹಾಕಿ: ಒಂದು ಪದರ ಐಸ್, ಒಂದು ಪದರ ಮೀನು, ಮೇಲೆ ಮತ್ತೆ ಐಸ್. ಕರಗಿದ ನೀರನ್ನು ಆಗಾಗ ಬಸಿಯದಿದ್ದರೆ ಮೀನು ಮೆತ್ತಗಾಗುತ್ತದೆ.

ಹತ್ತಿರವೇ ಹಳೆ ಬಂದರು. ನಮ್ಮ ಮಲೆನಾಡಿನ ಸೂರುಗಳ ಮೇಲಿರುವ ಮಂಗಳೂರು ಹಂಚಿನ ಕಥೆಗೂ ಈ ಊರೇ ಮೂಲ. ಕ್ರೈಸ್ತ ಧರ್ಮಪ್ರಚಾರ ಸಂಸ್ಥೆ ಬಾಸೆಲ್ ಮಿಷನ್ 1865ರಲ್ಲಿ ಇಲ್ಲಿ ಹಂಚಿನ ಕಾರ್ಖಾನೆ ಹಾಕಿತು. ನಿಮ್ಮ ಹಳೆಯ ಮನೆಯ ಹಂಚನ್ನು ಮಗುಚಿ ನೋಡಿ, ಕಾರ್ಖಾನೆಯ ಹೆಸರಿನ ಅಚ್ಚು ಕೈಗೆ ಸಿಗುತ್ತದೆ. ನೇತ್ರಾವತಿ, ಗುರುಪುರ ಎರಡೂ ನದಿಗಳು ಸೇರುವ ಅಳಿವೆಯಲ್ಲಿ ಮರಳು ಕೂಡುವುದರಿಂದ ದೊಡ್ಡ ಹಡಗು ಒಳಗೆ ಬರಲಾಗದು. ಅದಕ್ಕಾಗಿಯೇ ಪಣಂಬೂರಿನಲ್ಲಿ ಹೊಸ ಬಂದರು ಆಯಿತು.

ಎಂಟಕ್ಕೆ ಬೋಳೂರಿನ ಸುಲ್ತಾನ್ ಬತ್ತೇರಿ. ಟಿಪ್ಪು 1784ರಲ್ಲಿ ಕಟ್ಟಿಸಿದ ಕಪ್ಪು ಕಲ್ಲಿನ ಕಾವಲು ಬುರುಜು ಇದು. ದೊಡ್ಡ ಕೋಟೆ ಎಂದುಕೊಂಡು ಬಂದವರು ಐದೇ ನಿಮಿಷಕ್ಕೆ ಇಳಿದುಬಿಡುತ್ತಾರೆ. ಹಾಗೆ ಮಾಡಬೇಡಿ. ಮೇಲೆ ಹತ್ತಿ ತೋಪಿನ ಕಿಂಡಿಗೆ ಕಣ್ಣಿಡಿ: ಎದುರಿಗೆ ಕಾಣುವುದು ಕಡಲಲ್ಲ, ಗುರುಪುರ ನದಿ. ಹಗೆಯ ಹಡಗು ನದಿಗೆ ನುಗ್ಗದಂತೆ ತಡೆಯುವುದೇ ಇದರ ಕೆಲಸವಾಗಿತ್ತು. ಅಡಿಯಲ್ಲಿ ಮದ್ದಿನ ಕೋಣೆ ಇದೆ.

ಅಲ್ಲಿಂದಲೇ ದೋಣಿ ಹತ್ತಿದರೆ ಆಚೆ ದಡ ತಣ್ಣೀರುಬಾವಿ, ಅದರಾಚೆ ಕಡಲು. ಚಿಲ್ಲರೆ ಇಟ್ಟುಕೊಳ್ಳಿ. ಕೆರೆ, ಹೊಳೆಯಲ್ಲಿ ಈಜು ಕಲಿತವರೂ ಇಲ್ಲಿ ಮೊಣಕಾಲಿಗಿಂತ ಆಳಕ್ಕೆ ಇಳಿಯಬೇಡಿ. ಹಿಂದಕ್ಕೆ ಸರಿಯುವ ಅಲೆ ಕಾಲಡಿಯ ಮರಳನ್ನೇ ಎಳೆದೊಯ್ಯುತ್ತದೆ.

ಹನ್ನೊಂದರೊಳಗೆ ಕದ್ರಿ ತಲುಪಿ. ಮಂಜುನಾಥ ದೇವಸ್ಥಾನದಲ್ಲಿರುವ ಮೂರು ಮುಖ, ಆರು ಕೈಗಳ ಕಂಚಿನ ಲೋಕೇಶ್ವರನನ್ನು ನೋಡದೆ ಬರಬೇಡಿ. ಪೀಠದ ಶಾಸನದ ಪ್ರಕಾರ ಅದು ಕ್ರಿ.ಶ. 968ರದು, ಕರಾವಳಿ ಆಳಿದ ಆಳುಪರ ದೊರೆ ಕುಂದವರ್ಮನ ಕಾಲದ್ದು.

ಊಟದ ನಂತರ, ಬಿಸಿಲು ನೆತ್ತಿಗೇರಿದಾಗ, ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ (ಕ್ರೈಸ್ತರ ಪ್ರಾರ್ಥನಾ ಮಂದಿರ). ತೆರೆದಿರುವ ಸಮಯವನ್ನು ಹಿಂದಿನ ದಿನವೇ ವಿಚಾರಿಸಿಡಿ. ಭಾನುವಾರ ಬಲಿಪೂಜೆ ಎನ್ನುವ ಪ್ರಾರ್ಥನೆಯ ಹೊತ್ತಿನಲ್ಲಿ ಸುತ್ತಾಡುವಂತಿಲ್ಲ. ಗೋಡೆ, ಮಾಡಿನ ಚಿತ್ರಗಳೆಲ್ಲ ಇಟಲಿಯ ಆಂಟೋನಿಯೊ ಮೊಸ್ಕೇನಿಯ ಕೈಚಳಕ. ಕೆಲವು ಹಸಿ ಗಾರೆಯ ಮೇಲೆ ಬರೆದವು, ಬಣ್ಣ ಗಾರೆಯೊಳಗೇ ಇಳಿದು ಗಟ್ಟಿಯಾಗಿದೆ; ಕೆಲವು ಕ್ಯಾನ್ವಾಸ್ ಮೇಲಿನ ಎಣ್ಣೆ ಬಣ್ಣದವು. ಬೆಂಚಿನ ಮೇಲೆ ಕೂತು ಕತ್ತೆತ್ತಿ ನಿಧಾನವಾಗಿ ನೋಡಿ, ನಡೆಯುತ್ತ ನೋಡಿದರೆ ಕುತ್ತಿಗೆ ನೋಯುವುದಷ್ಟೇ ಲಾಭ.

ಮೂರಕ್ಕೆ ಹೊರಟುಬಿಡಿ. ಹೆಬ್ರಿಯಲ್ಲಿ ಚಹಾ ಕುಡಿದು, ಐಸ್ ನೀರು ಬಸಿದು ಘಟ್ಟ ಹತ್ತಿದರೆ ಬೆಳಕಿರುವಾಗಲೇ ಆಗುಂಬೆ ಸಿಗುತ್ತದೆ. ತಡವಾದರೆ ಕತ್ತಲ ಜೊತೆ ಮಂಜೂ ಕವಿದು ತಿರುವಿನ ಅಂಚು ಕಾಣುವುದಿಲ್ಲ. ಹಾಗಾದಾಗ ಹೈ ಬೀಮ್ ಹಾಕಬೇಡಿ, ಮಂಜು ಆ ಬೆಳಕನ್ನು ನಿಮ್ಮ ಕಣ್ಣಿಗೇ ವಾಪಸ್ ಎಸೆಯುತ್ತದೆ.