ಕಿಟಕಿಯ ಝಾಲರಿ: ಕೊಡಗಿನ ಮಳೆಗೆ ತಕ್ಕ ಹೊಲಿಗೆ

4 ಅಡಿ ಅಗಲದ ಕಿಟಕಿಯ ಝಾಲರಿಗೆ 8ರಿಂದ 10 ಅಡಿ ಉದ್ದದ ಪಟ್ಟಿ ಬೇಕು; ಕಡಿಮೆಯಾದರೆ ನೆರಿಗೆ ಏಳುವುದಿಲ್ಲ. ಹತ್ತಿಬಟ್ಟೆಯನ್ನು ಮೊದಲು ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಗಿಡ್ಡವಾಗುತ್ತದೆ.

12 ಇಂಚು ಇಳಿಬೀಳಬೇಕಾದರೆ 16 ಇಂಚು ಕತ್ತರಿಸಿ. ಮೇಲೆ ಅರ್ಧ ಇಂಚು ಮಡಚಿ, ಮತ್ತೆ 2 ಇಂಚು ಮಡಚಿ ಹೊಲಿದರೆ 1 ಇಂಚಿನ ರಾಡು ಸಲೀಸಾಗಿ ತೂರುತ್ತದೆ. ಉಳಿದ ಒಂದೂವರೆ ಇಂಚು ಕೆಳಅಂಚಿಗೆ.

ಮಡಿಕೇರಿ, ಭಾಗಮಂಡಲದ ಕಡೆ ಮಳೆಗಾಲದಲ್ಲಿ ಗೋಡೆಯೇ ಒಸರುತ್ತದೆ. ಹಾಗಾಗಿ ಬಟ್ಟೆ ಗೋಡೆಗೆ ತಾಗದಂತೆ ರಾಡನ್ನು 3 ಇಂಚು ಮುಂದಕ್ಕೆ ಕೂರಿಸಿ. ನೆರಿಗೆ ನಿಲ್ಲಲೆಂದು ಗಂಜಿ ಹಾಕಲೇಬೇಡಿ, ಬೂಷ್ಟಿಗೆ ಅದೇ ಆಹಾರ. ದಪ್ಪ ವೆಲ್ವೆಟ್ ಚೆಂದವೇ, ಆದರೆ ಜುಲೈನಲ್ಲಿ ಒಣಗುವುದಿಲ್ಲ. ತೆಳು ಹತ್ತಿಯೇ ಇಲ್ಲಿಗೆ ಸರಿ.