ಫ್ಯೂಸ್ ಕಿತ್ತರೂ ಮಿನುಗಿದ ಮೀಟರ್: ಮಸ್ಕತ್‌ನಲ್ಲಿರುವ ಅಕ್ಕನ ಕೊಡಗಿನ ಮನೆಯ ಕರೆಂಟ್ ಬಿಲ್ ಇಳಿಸಿದ ನನ್ನ ಅನುಭವ

ದಕ್ಷಿಣ ಕೊಡಗಿನಲ್ಲಿರುವ ಅಕ್ಕ-ಭಾವನ ಮನೆಗೆ ಈಗ ತಿಂಗಳಿಗೆ 20 ಯೂನಿಟ್ ಆಸುಪಾಸು ಬಿಲ್ ಬರುತ್ತಿದೆ. ಮೊದಲು 130, 140 ಬರುತ್ತಿತ್ತು, ಅದೂ ಬೀಗ ಹಾಕಿದ ಮನೆಗೆ. ಅವರಿಬ್ಬರೂ ಮಸ್ಕತ್‌ನಲ್ಲಿದ್ದಾರೆ, ಇಲ್ಲಿ ಮನೆ ತೋಟ ನೋಡಿಕೊಳ್ಳುವವನು ನಾನು. "ಹೊಸ ಮೀಟರೆಲ್ಲ ಜೋರಾಗೇ ಓಡೋದು, ಬಿಡಿ" ಅಂದವರಿದ್ದರು. "ಮಾಲೀಕರು ಬಾರದೆ ಕರೆಂಟ್ ಕಂಪನಿಯವರು ಅರ್ಜಿ ಮುಟ್ಟೋದೂ ಇಲ್ಲ" ಅಂದವರೂ ಇದ್ದರು. ಎರಡೂ ಸುಳ್ಳಾಯಿತು. ಹೊರದೇಶದಲ್ಲಿರುವವರ ಮನೆ ನೋಡಿಕೊಳ್ಳುವವರು ನಮ್ಮಲ್ಲಿ ಊರಿಗೆ ನಾಲ್ಕು ಜನ ಇದ್ದಾರೆ, ಅವರಿಗೆ ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ. ನಾನು ವೈರ್‌ಮನ್ ಅಲ್ಲ, ಎಸ್ಟೇಟ್ ರೈಟರ್, ಅಂದರೆ ತೋಟದ ಗುಮಾಸ್ತ. ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ) ಬರೆದು ಬರೆದು ಲೆಕ್ಕ ಇಡುವ ಅಭ್ಯಾಸ ಇದೆ. ಈ ಕೆಲಸದಲ್ಲಿ ಗೆಲ್ಲಿಸಿದ್ದು ಅದೇ.

ಚಕ್ರ ತಿರುಗುವ ಹಳೇ ಮೀಟರ್ ಇದ್ದಷ್ಟು ದಿನ ಆ ಮನೆಗೆ ಬರೀ ಕನಿಷ್ಠ ಬಿಲ್. ಅದನ್ನು ಬಿಚ್ಚಿ ಎಲೆಕ್ಟ್ರಾನಿಕ್ ಮೀಟರ್ ಕೂರಿಸಿದ ಮೇಲೆ ಬಿಲ್ ಏರಿತು. ಅಕ್ಕ ಅಲ್ಲಿಂದಲೇ ಫೋನ್‌ನಲ್ಲಿ ಕಟ್ಟುತ್ತಿದ್ದಳು. ರಿಯಾಲ್ ಲೆಕ್ಕದಲ್ಲಿ ಅದು ಚಿಲ್ಲರೆ ಹಣ, ಹಾಗಾಗಿ ವರ್ಷಗಟ್ಟಲೆ ಯಾರೂ ಕೇಳಲಿಲ್ಲ. ಒಮ್ಮೆ ಹಳೇ ರಸೀದಿಗಳನ್ನೆಲ್ಲ ಕಳಿಸು ಎಂದು ಹೇಳಿ ಕೂಡಿಸಿದೆ. ಇಪ್ಪತ್ತೈದು ಸಾವಿರ ದಾಟಿತ್ತು.

ಮೊದಲು ಮಾಡಿದ್ದು ಎಲ್ಲರೂ ಮಾಡುವ ಇಸ್ತ್ರಿಪೆಟ್ಟಿಗೆ ಪರೀಕ್ಷೆ. ಮೀಟರ್ ಮೇಲೆ ಒಂದು ಯೂನಿಟ್‌ಗೆ 3200 ಮಿನುಗು ಎಂದು ಅಚ್ಚಾಗಿತ್ತು, ಅಂದರೆ ಅದರ ಕೆಂಪು ದೀಪ ಅಷ್ಟು ಸಲ ಹೊತ್ತಿ ಆರುತ್ತದೆ. 750 ವಾಟ್ ಪೆಟ್ಟಿಗೆಗೆ ನಿಮಿಷಕ್ಕೆ 40 ಮಿನುಗು ಬರಬೇಕು. ಸಂಜೆ ಎಣಿಸಿದರೆ 24, 25 ಬಂತು. ಅಂದರೆ ಮೀಟರ್ ನಿಧಾನ! ಬಿಲ್ ನೋಡಿದರೆ ಜೋರು. ಜೊತೆಗಿದ್ದ ಹುಡುಗರು ನಕ್ಕರು. ನಾನು ಗೋಣಿಕೊಪ್ಪದಿಂದ ಪ್ಲಗ್‌ಗೆ ಸಿಕ್ಕಿಸುವ ವಾಟ್ ಮೀಟರ್ ತಂದೆ, ಒಂಬೈನೂರು ರೂಪಾಯಿ ಇರಬೇಕು. ಅದರಲ್ಲಿ ವೋಲ್ಟೇಜ್ 180 ತೋರಿಸುತ್ತಿತ್ತು. 230ಕ್ಕೆ 750 ವಾಟ್ ಎಳೆಯುವ ಪೆಟ್ಟಿಗೆ 180ರಲ್ಲಿ 460ರ ಹತ್ತಿರ ಅಷ್ಟೇ ಎಳೆಯುತ್ತದೆ. ಲೆಕ್ಕ ಹಾಕಿದರೆ ಮಿನುಗು ಸರಿಯಾಗಿ ಕೂತಿತು. ವೋಲ್ಟೇಜ್ ನೋಡದೆ ಇಸ್ತ್ರಿಪೆಟ್ಟಿಗೆ ಇಟ್ಟು ಮೀಟರನ್ನು ಬಯ್ಯುವವರು ಇದನ್ನು ಗಮನಿಸಬೇಕು.

ಆ ವಾಟ್ ಮೀಟರ್ ಕೈಗೆ ಬಂದ ಮೇಲೆ ಸುಮ್ಮನಿರಲು ಆಗಲಿಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂವಿಗೆ ಎಲ್ಲರೂ ಸ್ಪ್ರಿಂಕ್ಲರ್ ಹಾಕುವ ಕಾಲದಲ್ಲಿ ಹೊತ್ತು ಹೊತ್ತಿಗೆ ವೋಲ್ಟೇಜ್ ಬರೆದಿಟ್ಟೆ. ನಡುರಾತ್ರಿ 235, ಸಂಜೆ ಏಳಕ್ಕೆ 170ಕ್ಕೂ ಕೆಳಗೆ. ಕ್ಯಾಮೆರಾ, ಅದರ ರೆಕಾರ್ಡರ್, ವೈಫೈ ಪೆಟ್ಟಿಗೆ ಮೂರೂ ಸೇರಿ ಹಗಲುರಾತ್ರಿ 30 ವಾಟ್ ತಿನ್ನುತ್ತಿದ್ದವು, ತಿಂಗಳಿಗೆ 21 ಯೂನಿಟ್ ಆಯಿತು. ಬೀಗ ಹಾಕಿದ ಮನೆಯಲ್ಲಿ ಏನೂ ಉರಿಯುವುದಿಲ್ಲ ಎನ್ನುವವರು ಈ ಪೆಟ್ಟಿಗೆಗಳನ್ನು ಮರೆತಿರುತ್ತಾರೆ. ಅದನ್ನು ಕಳೆದರೂ ನೂರಕ್ಕೆ ಮೇಲೆ ಯೂನಿಟ್ ಲೆಕ್ಕಕ್ಕೆ ಸಿಗದೆ ಉಳಿಯಿತು.

ಆಮೇಲೆ ಚೆಕ್ ಮೀಟರ್. ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಕ್ಕೆ 2024ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ತಿದ್ದುಪಡಿ ತಂದಿದೆ. ಬಳಕೆಗೂ ರೀಡಿಂಗ್‌ಗೂ ತಾಳೆಯಿಲ್ಲ ಎಂದು ದೂರು ಕೊಟ್ಟರೆ ಐದು ದಿನದೊಳಗೆ ಇನ್ನೊಂದು ಮೀಟರ್ ಹಾಕಿ ಕನಿಷ್ಠ ಮೂರು ತಿಂಗಳು ತಾಳೆ ನೋಡಬೇಕು. ಸೆಕ್ಷನ್ ಆಫೀಸಿನಲ್ಲಿ ಅದನ್ನು ಕೇಳಿದವರೇ ಇರಲಿಲ್ಲ. ಪ್ರಿಂಟ್ ತೆಗೆದು ಅರ್ಜಿಗೆ ಪಿನ್ ಮಾಡಿ ಟಪ್ಪಾಲಿನಲ್ಲಿ ಕೊಟ್ಟೆ, ನಕಲಿನ ಮೇಲೆ ಸೀಲು ಹಾಕಿಸಿಕೊಂಡೆ. ಐದು ದಿನ ಹೋಗಿ ತಿಂಗಳಾಯಿತು, ಆದರೂ ಹಾಕಿದರು.

ಚೆಕ್ ಮೀಟರೂ ಅಷ್ಟೇ ಓದಿತು! ಒಂದು ಯೂನಿಟ್ ಹೆಚ್ಚುಕಡಿಮೆ ಇಲ್ಲ. "ನೋಡಿ ಸಾರ್, ಮೀಟರ್ ಸರಿ ಇದೆ. ಮನೆಗೆ ಯಾರೋ ಬಂದು ಹೋಗ್ತಿದ್ದಾರೆ, ವಿಚಾರಿಸಿ" ಎಂದು ಲೈನ್‌ಮನ್ ಹೇಳಿದ. ಬೀಗದ ಕೈ ಇರುವುದು ನನ್ನ ಹತ್ತಿರ. ಆ ಮಾತು ಮಸ್ಕತ್‌ವರೆಗೂ ಹೋಯಿತು. ಭಾವ ಫೋನ್ ಮಾಡಿ "ಹೋಗ್ಲಿ ಬಿಡೋ, ಕಟ್ಟಿಬಿಡೋಣ" ಅಂದರು. ಅವರ ದನಿಯಲ್ಲಿ ಸಂಶಯ ಇರಲಿಲ್ಲ, ಆದರೆ ನನಗೆ ಅಂದು ಊಟ ಸೇರಲಿಲ್ಲ. "ಇಲ್ಲ ಭಾವ, ಬಿಡಲ್ಲ" ಅಂದೆ.

ಮರುದಿನವೇ ಹೋಗಿ ಕಿಟ್‌ಕ್ಯಾಟ್ ಫ್ಯೂಸನ್ನೇ ಕಿತ್ತು ಕೈಯಲ್ಲಿ ಹಿಡಿದುಕೊಂಡು ಮೀಟರ್ ಮುಂದೆ ಕುರ್ಚಿ ಹಾಕಿ ಕೂತೆ. ಮನೆಯೊಳಗೆ ಎಲ್ಲ ಆಫ್. ಸ್ವಲ್ಪ ಹೊತ್ತು ಏನೂ ಇಲ್ಲ. ಹನ್ನೊಂದು ಗಂಟೆ ಸುಮಾರಿಗೆ ಕೆಂಪು ದೀಪ ಮಿನುಗತೊಡಗಿತು, ನಿಮಿಷಕ್ಕೆ ಐವತ್ತರ ಹತ್ತಿರ. ಪಕ್ಕದಲ್ಲಿ 'ಅರ್ತ್' ಎಂದು ಬರೆದ ದೀಪವೂ ಹೊತ್ತಿಕೊಂಡಿತು. ಫ್ಯೂಸ್ ನನ್ನ ಅಂಗೈಯಲ್ಲಿದೆ, ಯೂನಿಟ್ ಓಡುತ್ತಿದೆ! ತಲೆ ಎತ್ತಿ ಕಿವಿಗೊಟ್ಟರೆ ಕೆಳಗೆ ಬಾವಿ ಕಡೆಯಿಂದ ಪಂಪ್ ಸದ್ದು. ಇಳಿದು ಹೋಗಿ ಆಫ್ ಮಾಡಿಸಿ ಬಂದೆ. ದೀಪ ನಿಂತಿತು. ಮತ್ತೆ ಹಾಕಿಸಿದೆ, ಮಿನುಗಿತು. ಎಲ್ಲವನ್ನೂ ಫೋನ್‌ನಲ್ಲಿ ವಿಡಿಯೋ ಮಾಡಿಕೊಂಡೆ, ಫ್ಯೂಸ್ ಮತ್ತು ಮೀಟರ್ ಒಂದೇ ಚೌಕಟ್ಟಿನಲ್ಲಿ ಬರುವಂತೆ.

ಆ ಪಂಪ್ ಒಂದು ಎಚ್‌ಪಿಯದು, ಅಕ್ಕನ ದೊಡ್ಡ ಮನೆಗೂ ತೋಟದ ಕೆಲಸದವರಿರುವ ಲೈನ್ ಮನೆಗೂ ನೀರು ಕೊಡುತ್ತದೆ. ಫೇಸ್ ಬರುವುದು ಲೈನ್ ಮನೆಯ ಮೀಟರಿನಿಂದ, ಅದಕ್ಕೆ ಬೇರೆ ಆರ್.ಆರ್. ನಂಬರ್ (ಕರೆಂಟ್ ಸಂಪರ್ಕದ ನಂಬರ್) ಇದೆ. ಯಾವುದೋ ಕಾಲದಲ್ಲಿ ತಂತಿ ಉಳಿಸಲು ನ್ಯೂಟ್ರಲ್ ಮಾತ್ರ ದೊಡ್ಡ ಮನೆಯಿಂದ ಕೊಟ್ಟಿದ್ದರು. ಹಳೇ ಚಕ್ರದ ಮೀಟರ್ ಫೇಸ್ ಒಂದನ್ನೇ ಅಳೆಯುತ್ತಿತ್ತು, ಅದಕ್ಕೆ ಗೊತ್ತಾಗಲಿಲ್ಲ. ಈಗಿನವು ಕಳ್ಳತನ ತಡೆಯಲು ಫೇಸ್, ನ್ಯೂಟ್ರಲ್ ಎರಡನ್ನೂ ನೋಡಿ ಯಾವುದರಲ್ಲಿ ಕರೆಂಟ್ ಹೆಚ್ಚೋ ಅದನ್ನು ಲೆಕ್ಕಕ್ಕೆ ಹಿಡಿಯುತ್ತವೆ. ಅಂದರೆ ಪಂಪಿನ ಒಂದೇ ಯೂನಿಟ್ ಲೈನ್ ಮನೆ ಮೀಟರಿನಲ್ಲೂ ಬೀಳುತ್ತಿತ್ತು, ಅಕ್ಕನ ಮೀಟರಿನಲ್ಲೂ ಬೀಳುತ್ತಿತ್ತು. ಚೆಕ್ ಮೀಟರೂ ಅದೇ ಜಾತಿಯದು, ಹಾಗಾಗಿ ಅಷ್ಟೇ ಓದಿತು. ಲೈನ್ ಮನೆಯವರು ಗೃಹಜ್ಯೋತಿಯಲ್ಲಿ ನೋಂದಾಯಿಸಿದ್ದರಿಂದ 2023ರಿಂದ ಅವರಿಗೆ ಸೊನ್ನೆ ಬಿಲ್, ಆ ಕಡೆಯಿಂದಲೂ ಯಾರೂ ತಕರಾರು ಎತ್ತಲಿಲ್ಲ. ನಿಮಿಷಕ್ಕೆ ಐವತ್ತರ ಹತ್ತಿರ ಮಿನುಗು ಎಂದರೆ ಗಂಟೆಗೆ ಒಂದು ಯೂನಿಟ್ ಆಸುಪಾಸು. ದಿನಕ್ಕೆ ನಾಲ್ಕು ಗಂಟೆ ಪಂಪ್ ಓಡಿದರೆ ತಿಂಗಳಿಗೆ 120 ಯೂನಿಟ್ ಹತ್ತಿರ. ಕ್ಯಾಮೆರಾದ 21 ಸೇರಿಸಿ. ಬಿಲ್ಲಿನ ಅಂಕಿ ಕಣ್ಣ ಮುಂದೆ ನಿಂತಿತು.

ಪಂಪಿಗೆ ಲೈನ್ ಮನೆಯಿಂದಲೇ ಎರಡೂ ತಂತಿ ಎಳೆಸಿದೆ. ಅರವತ್ತು ಮೀಟರ್ ಕೇಬಲ್ ಮೂರೂವರೆ ಸಾವಿರ, ವೈರ್‌ಮನ್ ಕೂಲಿ ಸಾವಿರದ ಇನ್ನೂರು, ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಡಿಯುವ ಎಂಸಿಬಿ ಆರುನೂರು. ಅಟ್ಟದ ಮೇಲಿನ ತಂತಿ ಗೊಂಚಲಿನಲ್ಲಿ ಆ ನ್ಯೂಟ್ರಲ್ ಯಾವುದೆಂದು ಅರ್ಧ ಗಂಟೆಯಲ್ಲಿ ಹುಡುಕಿದ ಉಪಾಯ ನನ್ನದೇ. ಅದನ್ನು ಇಲ್ಲಿ ಬರೆಯುವುದಿಲ್ಲ, ಇನ್ನೂ ಮೂರು ಮನೆಯವರು ನನ್ನನ್ನು ಕರೆದಿದ್ದಾರೆ.

ಮರುವರ್ಷ ಮಾರ್ಚ್‌ನಲ್ಲಿ ಇಷ್ಟು ಮುಗಿಯಿತು. ಏಪ್ರಿಲ್‌ನ ಗುಡುಗು ಮಳೆಗೆ ಮೀಟರ್ ಸುಟ್ಟು ಡಿಸ್‌ಪ್ಲೇ ಕಪ್ಪಾಯಿತು. ಕಂಪನಿಯವರು ಹಿಂದಿನ ತಿಂಗಳುಗಳ ಸರಾಸರಿ ಹಿಡಿದು ಮತ್ತೆ 140 ಯೂನಿಟ್ ಬಿಲ್ ಕೊಡಲು ಶುರು ಮಾಡಿದರು. ಜೊತೆಗೆ ಮೀಟರ್ ಸುಟ್ಟಿದ್ದು ಗ್ರಾಹಕರಿಂದ, ಅದರ ಹಣ ಕಟ್ಟಿ ಅಂದರು. ಅರ್ಜಿ ಕೊಡಲು ಹೋದರೆ ಆರ್.ಆರ್. ನಂಬರ್ ತೀರಿಕೊಂಡ ಭಾವನ ಅಪ್ಪನ ಹೆಸರಿನಲ್ಲಿದೆ, ಮೊದಲು ಹೆಸರು ಬದಲಾಯಿಸಿ, ಇಲ್ಲವಾದರೆ ಮಗ ಬರಲಿ, ಅದೂ ಆಗದಿದ್ದರೆ ರಾಯಭಾರ ಕಚೇರಿಯ ಮೊಹರು ಹಾಕಿದ ಪವರ್ ಆಫ್ ಅಟಾರ್ನಿ ತನ್ನಿ ಎಂದು ಅಟ್ಟಿದರು. ಒಂದು ಮೀಟರಿಗೆ ಅಷ್ಟೆಲ್ಲ ಮಾಡಲು ನಾನು ಒಪ್ಪಲಿಲ್ಲ. 2003ರ ವಿದ್ಯುತ್ ಕಾಯ್ದೆಯ 2(15) ಪ್ರಕಾರ ಯಾರ ಕಟ್ಟಡಕ್ಕೆ ಸದ್ಯ ಸಂಪರ್ಕ ಇದೆಯೋ ಅವರೂ ಗ್ರಾಹಕರೇ. ಅದನ್ನು ಬರೆದು, ಭಾವ ಸಹಿ ಮಾಡಿ ಕಳಿಸಿದ ಅಧಿಕಾರ ಪತ್ರ, ಪಾಸ್‌ಪೋರ್ಟ್ ನಕಲು, ಪಂಚಾಯಿತಿ ಕಂದಾಯದ ರಸೀದಿ, ಅವರ ಅಪ್ಪನ ಮರಣ ಪತ್ರ ಜೋಡಿಸಿದೆ. ಅರ್ಜಿಯ ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೆ. ಕೆಲಸ ಆಗಿದ್ದು ಆ ಸಾಲಿನಿಂದ ಎಂದೇ ನನ್ನ ನಂಬಿಕೆ, ಕೇಳಿಬಂದವರಿಗೆ ಮಾತ್ರ ಹೇಳುತ್ತೇನೆ.

ಒಮಾನ್‌ನಲ್ಲಿ ಶುಕ್ರವಾರ, ಶನಿವಾರ ರಜೆ, ನಮಗೆ ಭಾನುವಾರ. ಭಾವನ ಸಹಿ ಬೇಕೆಂದರೆ ಸೋಮವಾರದಿಂದ ಗುರುವಾರದೊಳಗೆ ಮುಗಿಸಬೇಕು. ಹೊರದೇಶದವರ ಕಾಗದ ಓಡಾಡಿಸುವವರು ಇದನ್ನು ಮೊದಲೇ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಮೀಟರ್ ಹಣದ ವಿಷಯ ಬೇಗ ಮುಗಿಯಿತು. ಅದೇ ಟ್ರಾನ್ಸ್‌ಫಾರ್ಮರಿನ ಕೆಳಗೆ ಅದೇ ರಾತ್ರಿ ಸುಟ್ಟ ಬೇರೆ ಮನೆಗಳ ಮೀಟರಿನ ಫೋಟೋ ತೆಗೆದು, ಅವರು 1912 ಸಹಾಯವಾಣಿಗೆ ಕೊಟ್ಟ ದೂರಿನ ನಂಬರ್ ಬರೆದು ಕೊಟ್ಟೆ. ಹೊಸ ಮೀಟರ್ ಬಂತು, ದುಡ್ಡು ಕೇಳಲಿಲ್ಲ. ಸರಾಸರಿ ಬಿಲ್ ಇಳಿಸುವುದಕ್ಕೆ ಮಾತ್ರ ಮಳೆಗಾಲ ಪೂರ್ತಿ ಹಿಡಿಯಿತು. ಹೊಸ ಮೀಟರ್ ಎರಡು ತಿಂಗಳು 20, 22 ಎಂದು ಓದಿದ ಮೇಲೆ, ಫ್ಯೂಸ್ ಕಿತ್ತ ವಿಡಿಯೋ ಮತ್ತು ನನ್ನ ಲೆಕ್ಕದ ಪುಸ್ತಕ ಹಿಡಿದು ಹೊಸದಾಗಿ ಬಂದಿದ್ದ ಎಂಜಿನಿಯರ್ ಮುಂದೆ ಕೂತೆ. ಆತ ವಿಡಿಯೋವನ್ನು ಎರಡು ಸಲ ನೋಡಿದರು, ಲೈನ್‌ಮನ್‌ನನ್ನೂ ಕರೆದು ತೋರಿಸಿದರು. ಸರಾಸರಿ ಹಿಡಿದ ತಿಂಗಳುಗಳ ಬಿಲ್ಲನ್ನು ಹೊಸ ಮೀಟರಿನ ಬಳಕೆಗೆ ತಕ್ಕಂತೆ ತಿದ್ದಿದರು. ಯೂನಿಟ್‌ಗೆ ಆರು ರೂಪಾಯಿ ಹತ್ತಿರದ ಲೆಕ್ಕದಲ್ಲಿ ನಾಲ್ಕು ಸಾವಿರಕ್ಕೆ ಸ್ವಲ್ಪ ಕಡಿಮೆ ಖಾತೆಗೆ ಜಮೆ ಆಯಿತು. ಅದಕ್ಕೂ ಹಿಂದಿನ ವರ್ಷಗಳ ದುಡ್ಡು ಕೇಳಿದೆ. ತಂತಿ ತಪ್ಪಿದ್ದು ಮೀಟರಿನಿಂದ ಒಳಗೆ, ಅದು ಮನೆಯವರ ಜವಾಬ್ದಾರಿ ಎಂದರು. ಅದೇ ಯೂನಿಟ್ಟನ್ನು ಎರಡು ಮೀಟರಿನಲ್ಲಿ ಮಾರಿದ ಹಾಗಾಗಲಿಲ್ಲವೇ ಎಂಬ ನನ್ನ ಪ್ರಶ್ನೆಗೆ ಇನ್ನೂ ಬರಹದಲ್ಲಿ ಉತ್ತರ ಬಂದಿಲ್ಲ. ಗ್ರಾಹಕರ ಕುಂದುಕೊರತೆ ವೇದಿಕೆಗೆ ಹಾಕಲು ಕಾಗದ ಸಿದ್ಧವಿದೆ. ಹೆಸರು ಬದಲಾವಣೆಗೆ ಭಾವನೇ ಬರಬೇಕು, ಪುತ್ತರಿ ಹಬ್ಬಕ್ಕೆ ರಜೆ ಕೇಳಿದ್ದಾರೆ. ಅದೇ ವಾರ ಎರಡೂ ಅರ್ಜಿ ಒಟ್ಟಿಗೆ ಕೊಡುತ್ತೇವೆ.