ಬೆಳಗ್ಗೆ ಮಾತ್ರ ಮಿಸ್ಸಿಂಗ್: ಮೂರನೇ ಸಿಲಿಂಡರಿನ ಬೆನ್ನು ಹತ್ತಿದ್ದು

ಮಿಸ್ಸಿಂಗ್ ಅಂದರೆ ಒಂದು ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದೆ ಎಂಜಿನ್ ನಡುಗುವುದು. ಎಂಜಿನ್ ತಣ್ಣಗಿದ್ದಾಗ ಮಾತ್ರ ಬರುವ ಮಿಸ್ಸಿಂಗ್‌ನ ದೊಡ್ಡ ತಲೆನೋವು ಏನು ಗೊತ್ತಾ? ಗ್ಯಾರೇಜ್ ಮುಟ್ಟುವಷ್ಟರಲ್ಲಿ ಅದು ಮಾಯ. ಎಂಜಿನ್ ಬಿಸಿಯಾಗಿರುತ್ತದೆ, ಐಡ್ಲಿಂಗ್ ಸರಿಯಾಗಿರುತ್ತದೆ, ಪಿಕಪ್ಪೂ ಇರುತ್ತದೆ. ಬಾನೆಟ್ ಎತ್ತಿ ನೋಡಿದವರು "ಏನೂ ಇಲ್ವಲ್ಲ" ಅನ್ನುತ್ತಾರೆ. ಇಲ್ಲವಾದರೆ ಪ್ಲಗ್, ಕಾಯಿಲ್, ಫಿಲ್ಟರ್, ಪಂಪ್ ಎಲ್ಲ ಒಟ್ಟಿಗೆ ಬದಲಾಯಿಸಿಬಿಡೋಣ ಅನ್ನುತ್ತಾರೆ. ಎರಡೂ ನನಗೆ ಒಗ್ಗಲಿಲ್ಲ. ಹಾಗಾಗಿ ನಾನೇ ಕೈ ಹಾಕಿದೆ.

ನನ್ನದು ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರು. ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್‌ಗಳು ಗಾಳಿ ಒಳಹೋಗುವ ಇನ್‌ಟೇಕ್ ಮ್ಯಾನಿಫೋಲ್ಡ್‌ನಲ್ಲಿ ಕೂತಿರುವ ಹಳೇ ಮಾದರಿಯ ಎಂಜಿನ್. ರಾತ್ರಿಯೆಲ್ಲ ನಿಂತ ಮೇಲೆ ಬೆಳಗ್ಗೆ ಜಾಸ್ತಿ ಹೊತ್ತು ಸೆಲ್ಫ್ ಹೊಡೆಯಬೇಕಿತ್ತು. ಸ್ಟಾರ್ಟ್ ಆದ ಮೇಲೂ ಸ್ವಲ್ಪ ಹೊತ್ತು ಗಡಗಡ ನಡುಗುತ್ತಿತ್ತು. ಸೈಲೆನ್ಸರಿನಿಂದ ಒಂದಿಷ್ಟು ಕಪ್ಪು ಹೊಗೆ, ಜೊತೆಗೆ ಹಸಿ ಪೆಟ್ರೋಲ್ ವಾಸನೆ. ಆಮೇಲೆ ಸಂಜೆವರೆಗೂ ಯಾವ ತಕರಾರೂ ಇಲ್ಲ.

ಮೊದಲು ಸ್ಕ್ಯಾನರ್ ಹಾಕಿದೆ. ಪಿ0303 ಅಂತ ಕೋಡ್ ಬಂತು, ಅಂದರೆ ಮೂರನೇ ಸಿಲಿಂಡರಿನಲ್ಲಿ ಮಿಸ್ಸಿಂಗ್. ಕೊನೆಯ ಅಂಕಿ ಸಿಲಿಂಡರ್ ಸಂಖ್ಯೆ. ಪಿ0300 ಬಂದಿದ್ದರೆ ಇಂಥದ್ದೇ ಸಿಲಿಂಡರ್ ಅಂತಿಲ್ಲ, ಅಲ್ಲಲ್ಲಿ ಮಿಸ್ ಆಗುತ್ತಿದೆ ಅಂತ ಅರ್ಥ. ಆಗ ಹುಡುಕುವ ದಾರಿಯೇ ಬೇರೆ. ಕ್ರ್ಯಾಂಕ್‌ಶಾಫ್ಟ್ ಒಂದೊಂದು ಸಿಲಿಂಡರ್ ಉರಿದಾಗಲೂ ಒಂಚೂರು ವೇಗ ಪಡೆಯುತ್ತದೆ. ಆ ವೇಗ ಎಲ್ಲಿ ಸಿಗಲಿಲ್ಲ ಅನ್ನುವುದನ್ನು ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಕ್ರ್ಯಾಂಕ್ ಸೆನ್ಸರ್ ಮೂಲಕ ಲೆಕ್ಕ ಹಾಕುತ್ತದೆ. ಹಾಗಾಗಿ ಈ ಕೋಡ್ ಹೇಳುವುದು "ಇಲ್ಲಿ ಉರಿಯಲಿಲ್ಲ" ಅಂತ ಮಾತ್ರ. ಯಾಕೆ ಉರಿಯಲಿಲ್ಲ ಅಂತ ಅದಕ್ಕೂ ಗೊತ್ತಿಲ್ಲ.

ಕೋಡ್ ಅಳಿಸುವ ಮುಂಚೆ ಫ್ರೀಜ್ ಫ್ರೇಮ್ ನೋಡಬೇಕು. ತುಂಬಾ ಜನ ಇದನ್ನು ಬಿಟ್ಟೇಬಿಡುತ್ತಾರೆ. ತೊಂದರೆ ಆದ ಗಳಿಗೆಯಲ್ಲಿ ಕೂಲೆಂಟ್ ಎಷ್ಟು ಬಿಸಿ ಇತ್ತು, ಆರ್‌ಪಿಎಂ ಎಷ್ಟಿತ್ತು ಅನ್ನುವುದೆಲ್ಲ ಅದರಲ್ಲಿ ಉಳಿದಿರುತ್ತದೆ. ನನ್ನದರಲ್ಲಿ ಕೂಲೆಂಟ್ 23 ಡಿಗ್ರಿ ಇತ್ತು. ತಣ್ಣಗಿದ್ದಾಗ ಮಾತ್ರ ಅನ್ನುವ ನನ್ನ ಗುಮಾನಿಗೆ ಅಲ್ಲಿಗೆ ಸಾಕ್ಷಿ ಸಿಕ್ಕಿತು. ಇನ್ನೊಂದು ಮಾತು: ಚೆಕ್ ಎಂಜಿನ್ ಲೈಟ್ ಸುಮ್ನೆ ಹತ್ತಿಕೊಂಡಿದ್ದರೆ ನಿಧಾನವಾಗಿ ಮನೆ ಸೇರಬಹುದು. ಆದರೆ ಮಿಣುಕುತ್ತಿದ್ದರೆ ಗಾಡಿ ಬದಿಗೆ ಹಾಕಿ. ಉರಿಯದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಹೋಗಿ ಉರಿಯುತ್ತದೆ, ಅದು ಹಾಳಾದರೆ ಖರ್ಚು ಸಣ್ಣದಲ್ಲ.

ಬ್ಯಾಟರಿ ನೋಡಿದ್ದು ಬೇಗ ಮುಗಿಯಿತು. ನಿಂತಾಗ 12.5 ವೋಲ್ಟ್, ಸೆಲ್ಫ್ ಹೊಡೆಯುವಾಗ 10.4. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿದರೆ ಬೇರೆ ಏನನ್ನೂ ನೋಡುವ ಮುಂಚೆ ಬ್ಯಾಟರಿ, ಟರ್ಮಿನಲ್, ಅರ್ತ್ ವೈರ್ ಸರಿ ಮಾಡಿಕೊಳ್ಳಬೇಕು. ವೋಲ್ಟೇಜ್ ಕುಸಿದರೆ ಕಿಡಿಯೂ ಸೊರಗುತ್ತದೆ.

ಆಮೇಲೆ ಕೂಲೆಂಟ್ ಸೆನ್ಸರ್. ಇದಕ್ಕೆ ಸ್ಪ್ಯಾನರ್ ಕೂಡ ಬೇಡ. ರಾತ್ರಿಯೆಲ್ಲ ನಿಂತ ಎಂಜಿನ್ನಿನಲ್ಲಿ ಕೂಲೆಂಟ್ ಮತ್ತು ಒಳಗೆ ಹೋಗುವ ಗಾಳಿ, ಎರಡರ ತಾಪಮಾನವೂ ಹೆಚ್ಚೂಕಡಿಮೆ ಒಂದೇ ಇರಬೇಕು, ಅಲ್ವಾ? ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ ಸ್ಕ್ಯಾನರ್‌ನಲ್ಲಿ ಎರಡನ್ನೂ ಓದಿ. ತಣ್ಣಗಿರುವ ಎಂಜಿನ್ನನ್ನು ಸೆನ್ಸರ್ 70 ಡಿಗ್ರಿ ಅಂತ ತೋರಿಸಿದರೆ ಇಸಿಯು ಪೆಟ್ರೋಲ್ ಕಡಿಮೆ ಕೊಡುತ್ತದೆ, ಗಾಡಿ ಸ್ಟಾರ್ಟ್ ಆಗಲ್ಲ. ಸೆನ್ಸರ್ ವೈರೇ ಕಿತ್ತು ಹೋಗಿದ್ದರೆ ಸಾಮಾನ್ಯವಾಗಿ ಮೈನಸ್ 40 ತೋರಿಸುತ್ತದೆ. ನನ್ನದರಲ್ಲಿ ಎರಡರ ನಡುವೆ ಒಂದು ಡಿಗ್ರಿ ವ್ಯತ್ಯಾಸ. ಸೆನ್ಸರ್ ಪಾಸ್.

ಮುಂದಿನದು ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವ ಕಾಯಿಲ್. ಮೂರನೇ ಸಿಲಿಂಡರಿನ ಕಾಯಿಲ್ ತೆಗೆದು ಒಂದಕ್ಕೆ ಹಾಕಿದೆ, ಒಂದರದ್ದು ಮೂರಕ್ಕೆ. ತಪ್ಪು ಕಾಯಿಲ್‌ನದ್ದಾದರೆ ಕೋಡ್ ಪಿ0301 ಆಗಬೇಕು. ಇದನ್ನು ಸಂಜೆ ಮಾಡಿಟ್ಟು ರಾತ್ರಿಯೆಲ್ಲ ಗಾಡಿ ಮುಟ್ಟಬಾರದು, ಬೆಳಗಿನ ಮೊದಲ ಸ್ಟಾರ್ಟ್ ಒಂದೇ ನಿಜ ಹೇಳುವುದು. ಕಾಯಿಲ್ ಜೊತೆಗೆ ಪ್ಲಗ್ಗನ್ನೂ ಅದಲುಬದಲು ಮಾಡಿದರೆ ಯಾವುದು ಕಳ್ಳ ಅಂತ ತಿಳಿಯಲ್ಲ, ಹಾಗಾಗಿ ಒಂದು ಸಲಕ್ಕೆ ಒಂದೇ ಬದಲಾವಣೆ. ಬೆಳಗ್ಗೆ ಮತ್ತೆ ಪಿ0303. ಕಾಯಿಲ್ ನಿರಪರಾಧಿ.

ಇನ್ನೊಂದು ಬೆಳಗ್ಗೆ, ಸ್ಟಾರ್ಟ್ ಮಾಡದೆಯೇ, ನಾಲ್ಕೂ ಪ್ಲಗ್ ಬಿಚ್ಚಿ ಸಾಲಾಗಿ ಇಟ್ಟೆ. ಮೂರು ಪ್ಲಗ್‌ಗಳ ಪಿಂಗಾಣಿ ತಿಳಿಕಂದು ಬಣ್ಣ, ಒಣಗಿತ್ತು. ಮೂರನೆಯದರ ತುದಿ ಕಪ್ಪು, ಎಲೆಕ್ಟ್ರೋಡ್ ಸಂದಿಯಲ್ಲಿ ಪಸೆ. ಇಲ್ಲಿ ಮೂಗಿಗೆ ಕೆಲಸ. ಹೆಡ್ ಗ್ಯಾಸ್ಕೆಟ್ ಸೋರಿ ರಾತ್ರಿ ಕೂಲೆಂಟ್ ಒಳಗಿಳಿದರೂ ಪ್ಲಗ್ ಒದ್ದೆಯಾಗುತ್ತದೆ, ಬೆಳಗ್ಗೆ ಹೀಗೇ ನಡುಗುತ್ತದೆ. ಆದರೆ ಆಗ ಬಿಳಿ ಹೊಗೆ, ಸಿಹಿ ವಾಸನೆ, ಕೂಲೆಂಟ್ ಮಟ್ಟವೂ ದಿನೇದಿನೇ ಇಳಿಯುತ್ತಿರುತ್ತದೆ. ನನ್ನ ಪ್ಲಗ್ ನಾರುತ್ತಿದ್ದದ್ದು ಅಪ್ಪಟ ಪೆಟ್ರೋಲ್. ಡಿಪ್‌ಸ್ಟಿಕ್ ಎಳೆದು ಮೂಸಿದರೆ ಎಂಜಿನ್ ಆಯಿಲ್‌ನಲ್ಲೂ ಅದೇ ವಾಸನೆ. ಪ್ಲಗ್ ಬಿಚ್ಚಿದ್ದೇ ಆಗಿತ್ತು ಅಂತ ಕಂಪ್ರೆಶನ್ನೂ, ಅಂದರೆ ಸಿಲಿಂಡರಿನೊಳಗಿನ ಒತ್ತಡವನ್ನೂ, ನೋಡಿಬಿಟ್ಟೆ. ನಾಲ್ಕರಲ್ಲೂ 12 ಬಾರ್ ಆಸುಪಾಸು, ಅಲ್ಲಿ ತೊಂದರೆ ಇಲ್ಲ.

ಗಾಳಿ ಸೋರಿಕೆ ಇರಬಹುದಾ ಅನ್ನುವ ಪ್ರಶ್ನೆಗೆ ಫ್ಯುಯಲ್ ಟ್ರಿಮ್, ಅಂದರೆ ಇಸಿಯು ಪೆಟ್ರೋಲನ್ನು ಎಷ್ಟು ಹೆಚ್ಚು-ಕಡಿಮೆ ಮಾಡುತ್ತಿದೆ ಅನ್ನುವ ಲೆಕ್ಕ, ಉತ್ತರ ಕೊಟ್ಟಿತು. ತಣ್ಣಗಿದ್ದಾಗ ಗ್ಯಾಸ್ಕೆಟ್ ಕುಗ್ಗಿ ಗಾಳಿ ಎಳೆಯುವುದು, ಬಿಸಿಯಾದ ಮೇಲೆ ಮುಚ್ಚಿಕೊಳ್ಳುವುದು ಉಂಟು. ಆದರೆ ಗಾಳಿ ಹೊಕ್ಕರೆ ಐಡ್ಲಿಂಗ್‌ನಲ್ಲಿ ಟ್ರಿಮ್ ಪ್ಲಸ್ ಕಡೆ ಏರುತ್ತದೆ, ರೇಸ್ ಕೊಟ್ಟಾಗ ಇಳಿಯುತ್ತದೆ. ನನ್ನದು ಐಡ್ಲಿಂಗ್‌ನಲ್ಲಿ ಮೈನಸ್ 8 ಶೇಕಡಾ. ಅಂದರೆ ಎಲ್ಲಿಂದಲೋ ಜಾಸ್ತಿ ಪೆಟ್ರೋಲ್ ಬರುತ್ತಿದೆ, ಇಸಿಯು ಕಡಿಮೆ ಮಾಡುತ್ತಾ ಕೂತಿದೆ.

ಇಡೀ ಹುಡುಕಾಟದಲ್ಲಿ ನನಗೆ ಇಷ್ಟವಾದ ಪರೀಕ್ಷೆ ಮುಂದಿನದು. ದುಡ್ಡೂ ಬೇಡ, ಸಾಮಾನೂ ಬೇಡ. ಕೀ ಆನ್ ಮಾಡಿದಾಗ ಪಂಪ್ ಒಂದೆರಡು ಸೆಕೆಂಡ್ ಓಡಿ ನಿಲ್ಲುವುದು ಹಿಂದಿನ ಸೀಟಿನ ಕಡೆಯಿಂದ ಸಣ್ಣಗೆ ಕೇಳಿಸುತ್ತದೆ. ಸೆಲ್ಫ್ ಹೊಡೆಯದೆ ಹಾಗೆ ಕೆಲವು ಸಲ ಆನ್-ಆಫ್ ಮಾಡಿ, ಆಮೇಲೆ ಸ್ಟಾರ್ಟ್ ಮಾಡಿದೆ. ತಟ್ಟಂತ ಹತ್ತಿಕೊಂಡಿತು. ಅಂದರೆ ರಾತ್ರಿ ಲೈನಿನಲ್ಲಿ ಪ್ರೆಶರ್ ಇಳಿದು ಹೋಗುತ್ತಿದೆ. ಆದರೆ ನಡುಕ ಮಾತ್ರ ಹೋಗಲಿಲ್ಲ! ಗುಟ್ಟು ಇಲ್ಲೇ ಇತ್ತು. ಪಂಪಿನ ಚೆಕ್ ವಾಲ್ವ್ ಕೆಟ್ಟು ಪ್ರೆಶರ್ ಇಳಿದರೆ ಪೆಟ್ರೋಲ್ ವಾಪಸ್ ಟ್ಯಾಂಕಿಗೆ ಹೋಗುತ್ತದೆ. ಸ್ಟಾರ್ಟ್ ತಡ ಆಗಬಹುದು, ಆದರೆ ಒಂದೇ ಸಿಲಿಂಡರ್ ಯಾಕೆ ನಡುಗಬೇಕು? ಪ್ಲಗ್ ಯಾಕೆ ಒದ್ದೆಯಾಗಬೇಕು? ಪೆಟ್ರೋಲ್ ಇಳಿದಿದ್ದು ಹಿಂದಕ್ಕಲ್ಲ, ಎಂಜಿನ್ ಒಳಕ್ಕೆ.

ಪೆಟ್ರೋಲ್ ಲೈನಿಗೆ ಪ್ರೆಶರ್ ಗೇಜ್ ಕಟ್ಟಿ ನೋಡಿದೆ. 3.5 ಬಾರ್ ಏರಿತು, ಪಂಪ್ ನಿಂತ ಕೂಡಲೇ ಮುಳ್ಳು ಇಳಿಯತೊಡಗಿತು. ರಬ್ಬರ್ ಹೋಸ್ ಇರುವ ಕಡೆ ಕ್ಲ್ಯಾಂಪ್ ಹಾಕಿ ಟ್ಯಾಂಕ್ ಕಡೆಯ ದಾರಿ ಮುಚ್ಚಿದೆ, ಆದರೂ ಇಳಿಯಿತು. ಪ್ಲಾಸ್ಟಿಕ್ ಪೈಪ್ ಮೇಲೆ ಕ್ಲ್ಯಾಂಪ್ ಹಾಕಬೇಡಿ, ಸೀಳುತ್ತದೆ. ಸಿಲಿಂಡರಿನೊಳಗೇ ನೇರವಾಗಿ ಪೆಟ್ರೋಲ್ ಚಿಮ್ಮಿಸುವ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ ಆದರೆ ಈ ಕೆಲಸಕ್ಕೆ ಕೈಯನ್ನೇ ಹಾಕಬೇಡಿ. ಅದರ ರೈಲ್‌ನಲ್ಲಿ, ಅಂದರೆ ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಪೈಪ್‌ನಲ್ಲಿ, ಪ್ರೆಶರ್ ನೂರು ಬಾರ್ ದಾಟುತ್ತದೆ, ಚರ್ಮವನ್ನೇ ತೂರಿಕೊಂಡು ಹೋಗಬಲ್ಲದು.

ಲೈನಿನ ಪ್ರೆಶರ್ ಇಳಿಸಿ, ಕಾಯಿಲ್ ಕನೆಕ್ಟರ್‌ಗಳನ್ನೂ ಇಂಜೆಕ್ಟರ್ ಕನೆಕ್ಟರ್‌ಗಳನ್ನೂ ತೆಗೆದು, ತಣ್ಣಗಿನ ಎಂಜಿನ್ನಿನಿಂದ ರೈಲ್ ಎತ್ತಿದೆ. ಇಂಜೆಕ್ಟರ್‌ಗಳು ರೈಲಿಗೆ ಕ್ಲಿಪ್‌ನಲ್ಲಿ ಸರಿಯಾಗಿ ಕೂತಿವೆಯಾ ಅಂತ ಎರಡು ಸಲ ನೋಡಬೇಕು, ಇಲ್ಲದಿದ್ದರೆ ಪ್ರೆಶರ್‌ಗೆ ಕಿತ್ತು ಬರುತ್ತವೆ. ಬೆಂಕಿ ನಂದಿಸುವ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡೇ ಕೀ ಆನ್ ಮಾಡಿದ್ದು. ಒಂದು, ಎರಡು, ನಾಲ್ಕನೆಯದರ ತುದಿ ಒಣಗಿತ್ತು. ಮೂರನೆಯದರ ತುದಿಯಲ್ಲಿ ಒಂದು ಹನಿ ಊರಿ, ದಪ್ಪವಾಗಿ, ಕೆಳಗಿಟ್ಟ ಕಾಗದದ ಮೇಲೆ ಬಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು. ವಾಷರ್ ಸವೆದ ನಲ್ಲಿಯ ಹಾಗೆ.

ಟ್ಯಾಂಕಿಗೆ ಸುರಿಯುವ ಕ್ಲೀನರ್ ಬಾಟಲಿ ಹಾಕಿ ನೋಡು ಅಂತ ಕೆಲವರು ಹೇಳಿದರು. ಕೊಳೆ ಕಟ್ಟಿ ಸ್ಪ್ರೇ ಕೆಟ್ಟಿದ್ದರೆ ಅದರಿಂದ ಉಪಯೋಗ ಆಗಬಹುದು. ಇಂಜೆಕ್ಟರ್ ಒಳಗೆ ಪೆಟ್ರೋಲ್ ತಡೆಹಿಡಿಯುವ ಸೀಟ್ ಸವೆದಿದ್ದರೆ ಏನೂ ಆಗಲ್ಲ ಅನ್ನುವುದು ನನ್ನ ಲೆಕ್ಕ. ಹೊಸ ಇಂಜೆಕ್ಟರ್ ಹಾಕಿದೆ. ನಾಲ್ಕಕ್ಕೂ ಹೊಸ ಓ-ರಿಂಗ್ ಹಾಕಿ, ಕೂರಿಸುವ ಮುಂಚೆ ಒಂದು ಹನಿ ಎಂಜಿನ್ ಆಯಿಲ್ ಸವರಿದೆ. ಒಣಗಿದ್ದನ್ನು ಒತ್ತಿದರೆ ರಿಂಗ್ ಕತ್ತರಿಸಿಕೊಳ್ಳುತ್ತದೆ. ಮೂರನೇ ಪ್ಲಗ್ಗೂ ಹೊಸದು.

ಎಂಜಿನ್ ಆಯಿಲ್ ಮತ್ತು ಫಿಲ್ಟರ್ ಅವತ್ತೇ ಬದಲಾಯಿಸಿದೆ, ಬದಲಾಯಿಸುವ ಸಮಯ ಇನ್ನೂ ದೂರವಿದ್ದರೂ. ಪೆಟ್ರೋಲ್ ಬೆರೆತು ತೆಳ್ಳಗಾದ ಆಯಿಲ್ ಬೇರಿಂಗ್‌ಗಳನ್ನು ಕಾಯುವುದಿಲ್ಲ. ಮಾರನೇ ದಿನ ಬೆಳಗ್ಗೆ ಕೀ ತಿರುಗಿಸಿದರೆ ಅರ್ಧ ಸೆಲ್ಫಿಗೇ ಸ್ಟಾರ್ಟ್, ನಡುಕ ಇಲ್ಲ. ಟ್ರಿಮ್ ಒಂದೇ ದಿನಕ್ಕೆ ಸರಿಹೋಗಲಿಲ್ಲ, ಓಡಿಸುತ್ತಾ ಓಡಿಸುತ್ತಾ ಮೈನಸ್ 1, ಮೈನಸ್ 2ರ ಹತ್ತಿರ ಬಂದು ನಿಂತಿತು. ಪಿ0303 ಆಮೇಲೆ ಬಂದಿಲ್ಲ.